ಮೊದಲು ಒಂದು ತಾಲ್ಲೂಕು ಸಾಕು

ಕೂಸೇ, ನಿಮ್ಮ ಪ್ರವಾಸದ ಆ್ಯಪಿನ ಯೋಜನೆ ಎಂದು ನೀನು ಕಳುಹಿಸಿದ ಹಾಳೆಗಳನ್ನು ಪೂರ್ತಿ ಓದಿದೆ. ಪ್ರವಾಸಿಗರು ಎಲ್ಲಿ ನಿಂತಿದ್ದಾರೆಂದು ಫೋನ್ ತಿಳಿದುಕೊಳ್ಳುತ್ತದೆ, ಅವರ ಇಷ್ಟಾನಿಷ್ಟ ನೋಡಿಕೊಂಡು ಹತ್ತಿರದ ಜಾಗ, ಊಟ, ವಸತಿ ಸೂಚಿಸುತ್ತದೆ, ಮೊದಲ ವರ್ಷದಲ್ಲೇ ಇಡೀ ದಕ್ಷಿಣ ಭಾರತಕ್ಕೆ ಹಬ್ಬುತ್ತೀರಿ. ಸಾಗರದಲ್ಲಿ ಟ್ರಾವೆಲ್ಸ್ ನಡೆಸಿಕೊಂಡೇ ಬದುಕಿದ ಮಾವನ ಅಭಿಪ್ರಾಯ ಬೇಕು ಎಂದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದಕ್ಕೆ ಕೈಜೋಡಿಸಿರುವ ನಿನ್ನ ಸ್ನೇಹಿತರಿಬ್ಬರಿಗೂ ಓದಿ ಹೇಳು.

ದಕ್ಷಿಣ ಭಾರತವನ್ನು ಸದ್ಯಕ್ಕೆ ಬಿಡಿ. ಒಂದು ತಾಲ್ಲೂಕು ಹಿಡಿಯಿರಿ. ಸಾಗರವನ್ನೇ ಹಿಡಿಯಿರಿ ಎಂದು ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಜೋಗ, ಸಿಗಂದೂರು, ಇಕ್ಕೇರಿ, ಕೆಳದಿ, ವರದಹಳ್ಳಿ, ಹೊನ್ನೇಮರಡು, ಹೆಗ್ಗೋಡಿನ ನೀನಾಸಂ ಎಲ್ಲವೂ ಒಂದೇ ತಾಲ್ಲೂಕಿನಲ್ಲಿವೆ. ಭಕ್ತರು, ಚಾರಣಿಗರು, ನಾಟಕ ನೋಡುವವರು, ಮಳೆ ನೋಡಲೆಂದೇ ಬರುವ ಬೆಂಗಳೂರಿನ ಹುಡುಗರು, ಹೀಗೆ ಎಲ್ಲ ಬಗೆಯ ಪ್ರವಾಸಿಗರೂ ಇಲ್ಲೇ ಸಿಗುತ್ತಾರೆ. ಒಬ್ಬೊಬ್ಬರಿಗೂ ತಕ್ಕ ಪ್ರವಾಸ ಎಂಬ ನಿಮ್ಮ ಮಾತು ನಿಜವಾಗಿ ನಡೆಯುತ್ತದೋ ಇಲ್ಲವೋ ನೋಡಲು ಇಷ್ಟು ಜಾಗ ಧಾರಾಳವಾಯಿತು.

ಇನ್ನು ಯಾರಿಗೆ ಮಾರುತ್ತೀರಿ ಎಂಬುದು. ನಿಮ್ಮ ಯೋಜನೆಯಲ್ಲಿ ನನಗೆ ತೀರಾ ಭಯ ಹುಟ್ಟಿಸಿದ್ದು ಈ ಭಾಗವೇ. ಪ್ರವಾಸಿಗರು ನಿಮ್ಮ ಆ್ಯಪ್ ಇಳಿಸಿಕೊಳ್ಳುತ್ತಾರೆ, ವರ್ಷಕ್ಕೆ ಇಷ್ಟು ಅಂತ ಚಂದಾ ಕಟ್ಟುತ್ತಾರೆ ಎಂದು ಬರೆದಿದ್ದೀರಿ. ನಮ್ಮ ಜನ ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಪ್ರವಾಸ ಹೋಗುವವರು. ಬಂದಾಗ ಆ್ಯಪ್ ಹಾಕಿಕೊಳ್ಳುತ್ತಾರೆ, ಊರಿಗೆ ಮರಳಿದ ಮೇಲೆ ಫೋನಿನಲ್ಲಿ ಜಾಗ ಸಾಲದೆ ಅಳಿಸುತ್ತಾರೆ. ಮುಂದಿನ ಪ್ರವಾಸದ ಹೊತ್ತಿಗೆ ಅವರನ್ನು ಮತ್ತೆ ಕರೆತರಲು ಜಾಹೀರಾತಿಗೆ ಮತ್ತೆ ದುಡ್ಡು ಸುರಿಯಬೇಕು. ಗೂಗಲ್ ಕಂಪನಿ 2016ರಲ್ಲಿ 'ಗೂಗಲ್ ಟ್ರಿಪ್ಸ್' ಎಂಬ ಪ್ರವಾಸದ ಆ್ಯಪ್ ತಂದು 2019ರಲ್ಲಿ ಮುಚ್ಚಿತು. ಇರುವ ಜಾಗದ ಸುತ್ತಮುತ್ತ ಏನೇನಿದೆ ಎಂದು ತೋರಿಸುವುದನ್ನು ಜಗತ್ತಿಗೇ ರೂಢಿ ಮಾಡಿಸಿದ, 2009ರಲ್ಲಿ ಶುರುವಾದ ಫೋರ್‌ಸ್ಕ್ವೇರ್ ಕೂಡ ತನ್ನ ಸಿಟಿ ಗೈಡ್ ಆ್ಯಪನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಅವರಿಗೆ ಎಂಜಿನಿಯರುಗಳಿಗೂ ದುಡ್ಡಿಗೂ ಬರವಿರಲಿಲ್ಲ. ಅಪರೂಪಕ್ಕೆ ಬೇಕಾಗುವ ವಸ್ತುವನ್ನು ದಿನವೂ ಜನರ ಕೈಯಲ್ಲಿ ಉಳಿಸುವುದು ಅವರಿಗೂ ಕಷ್ಟವೇ.

ಹಾಗಾದರೆ ಪ್ರವಾಸಿಗರು ಯಾರಿಗೆ ದಿನವೂ ಎದುರಾಗುತ್ತಾರೆ? ಹೋಮ್‌ಸ್ಟೇ ನಡೆಸುವವರಿಗೆ, ಟ್ಯಾಕ್ಸಿ ಚಾಲಕರಿಗೆ, ಲಾಡ್ಜಿನ ಕೌಂಟರಿನಲ್ಲಿ ಕೂತಿರುವ ಹುಡುಗನಿಗೆ, ಬೆಳಗಿನ ರೈಲಿಗೆ ಕಾಯುತ್ತ ಜಂಬಗಾರು ಸ್ಟೇಷನ್ನಿನ ಹೊರಗೆ ನಿಲ್ಲುವ ಆಟೊದವರಿಗೆ. ನಿಮ್ಮ ಗಿರಾಕಿಗಳು ಇವರು. ಇವರಿಗೆ ಉಪಯೋಗಕ್ಕೆ ಬರುವಂಥದ್ದನ್ನು ಮಾಡಿಕೊಡಿ. ಪ್ರವಾಸಿಗರು ಇವರ ಮೂಲಕ ತಾವಾಗಿಯೇ ನಿಮ್ಮ ಹತ್ತಿರ ಬರುತ್ತಾರೆ.

ಒಂದು ಹೋಮ್‌ಸ್ಟೇಯಲ್ಲಿ ರಾತ್ರಿ ಊಟದ ಹೊತ್ತಿಗೆ ಹೋಗಿ ಕೂತುಕೊ. ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು ಇರುವ ಒಂದು ಕುಟುಂಬ ಬಂದಿದೆ ಎಂದಿಟ್ಟುಕೊ. ಆಗಸ್ಟ್ ತಿಂಗಳು, ಹೊರಗೆ ಮಳೆ ಹೊಯ್ಯುತ್ತಿದೆ. ಮಗ ಕೇಳುತ್ತಾನೆ, "ಅಣ್ಣಾ, ನಾಳೆ ಏನೇನು ನೋಡಬಹುದು?" ಹೋಮ್‌ಸ್ಟೇಯವನು ಇಡೀ ದಿನ ಗದ್ದೆ, ತೋಟ, ಅಡುಗೆಮನೆ ಅಂತ ಓಡಾಡಿ ದಣಿದಿರುತ್ತಾನೆ. "ಬೆಳಿಗ್ಗೆ ಎದ್ದು ಜೋಗಕ್ಕೆ ಹೋಗಿ ಸರ್, ಆಮೇಲೆ ಸಿಗಂದೂರು" ಎಂದು ಎಲ್ಲರಿಗೂ ಹೇಳುವುದನ್ನೇ ಇವರಿಗೂ ಹೇಳುತ್ತಾನೆ. ಅವರು ಏಳು ಗಂಟೆಗೇ ಜೋಗ ತಲುಪುತ್ತಾರೆ. ಎದುರಿಗೆ ಬರೀ ಬಿಳಿ ಮಂಜು, ಕಿವಿಗೆ ನೀರಿನ ಸದ್ದು ಮಾತ್ರ. ಸ್ವಲ್ಪ ಹೊತ್ತು ನಿಂತು, ಮಕ್ಕಳು ಚಳಿಗೆ ನಡುಗತೊಡಗಿದರೆಂದು ಹೊರಟುಬಿಡುತ್ತಾರೆ. ಅವರ ಕಾರು ತಾಳಗುಪ್ಪ ದಾಟುವ ಹೊತ್ತಿಗೆ ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಾಣಿಸಿಕೊಂಡಿರುತ್ತವೆ. ಇಂಥ ಎಷ್ಟು ಮಂದಿಯನ್ನು ನಾನು ನೋಡಿದ್ದೇನೋ. ಅಷ್ಟು ದೂರ ಬಂದು ಏನೂ ಕಾಣದೆ ವಾಪಸ್ ಹೋಗುವವರನ್ನು ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ಕುಟುಂಬಕ್ಕೆ ಊರು ಬಲ್ಲವರು ಬೇರೆಯದೇ ದಾರಿ ಹೇಳುತ್ತಾರೆ. ಬೆಳಿಗ್ಗೆ ಅವಸರವಿಲ್ಲದೆ ತಿಂಡಿ ತಿಂದು ಇಕ್ಕೇರಿಗೆ ಹೋಗಿ. ಅಘೋರೇಶ್ವರ ದೇವಸ್ಥಾನದ ಹತ್ತಿರದ ತನಕ ಕಾರು ಹೋಗುತ್ತದೆ, ಹತ್ತಲು ಹೆಚ್ಚು ಮೆಟ್ಟಿಲಿಲ್ಲ. ಅಜ್ಜಿ ನಿಧಾನವಾಗಿ ದರ್ಶನ ಮಾಡಲಿ, ಮಕ್ಕಳು ಎದುರಿನ ಮಂಟಪದ ದೊಡ್ಡ ನಂದಿಯನ್ನು ನೋಡಲಿ. ಅಲ್ಲಿಂದ ಜೋಗಕ್ಕೆ ಹೋಗಿ, ಕೈಯಲ್ಲಿ ಒಂದೆರಡು ಗಂಟೆ ಇಟ್ಟುಕೊಂಡು ಕಾಯಿರಿ. ಕೆಳಗಿಳಿಯುವ ಮೆಟ್ಟಿಲ ದಾರಿ ಅಜ್ಜಿಗೆ ಬೇಡ, ಮೇಲೆ ಕೂತು ನೋಡುವ ಜಾಗ ಇದೆ. ಮಧ್ಯಾಹ್ನದ ಊಟಕ್ಕೆ ಇಂಥಲ್ಲಿ ಹೋಗಿ, ಅಜ್ಜಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತದೆ. ನೀವು 'ವೈಯಕ್ತಿಕ ಶಿಫಾರಸು' ಎಂದು ಬರೆದಿರುವುದು ಇಷ್ಟನ್ನೇ ತಾನೆ? ಇದಕ್ಕೆ ಬೇಕಾದದ್ದು ನಾಲ್ಕು ಪ್ರಶ್ನೆ: ಜತೆಗೆ ಯಾರಿದ್ದಾರೆ, ಎಷ್ಟು ಮೆಟ್ಟಿಲು ಹತ್ತಬಲ್ಲರು, ಏನು ತಿನ್ನುತ್ತಾರೆ, ಎಷ್ಟು ಹೊತ್ತಿಗೆ ವಾಪಸ್ ಬರಬೇಕು. ಅವರು ಹಿಂದಿನ ತಿಂಗಳು ಯಾವ ಚಪ್ಪಲಿ ಕೊಂಡರು, ಯಾವ ಸಿನಿಮಾ ನೋಡಿದರು ಎಂಬುದನ್ನೆಲ್ಲ ಜಾಲಾಡಬೇಕಾಗಿಲ್ಲ.

ಮೆಟ್ಟಿಲಿನ ಮಾತು ಬಂತಲ್ಲ, ಶ್ರವಣಬೆಳಗೊಳದ ಬಗ್ಗೆ ಯಾವ ಪುಟ ತೆರೆದರೂ ಗೊಮ್ಮಟನ ಎತ್ತರ, ಚಾವುಂಡರಾಯನ ಕಥೆ ಇರುತ್ತದೆ. ವಿಂಧ್ಯಗಿರಿ ಹತ್ತಲು ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಚಪ್ಪಲಿ ಕೆಳಗೇ ಬಿಡಬೇಕು, ಹತ್ತು ಗಂಟೆ ದಾಟಿದರೆ ಬಂಡೆ ಕಾದು ಅಂಗಾಲು ಸುಡುತ್ತದೆ, ಕೆಳಗೆ ಕಾಲುಚೀಲ ಮಾರುತ್ತಾರೆ, ಆಗದವರಿಗೆ ಡೋಲಿ ಇದೆ. ಆದರೆ ಅರವತ್ತು ದಾಟಿದವರಿಗೆ ಬೇಕಾದದ್ದು ಈ ಮಾಹಿತಿ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆಂದೇ ಮೆಟ್ಟಿಲು, ಶೌಚಾಲಯ, ಕೂರುವ ಜಾಗ, ದೇವಸ್ಥಾನದ ಬಾಗಿಲು ಮಧ್ಯಾಹ್ನ ಎಷ್ಟಕ್ಕೆ ಹಾಕುತ್ತಾರೆ ಎಂಬ ಇಷ್ಟೇ ವಿವರಗಳ ಒಂದು ಸೇವೆ ಮಾಡಿದರೂ ಅದು ನಿಲ್ಲುತ್ತದೆ. ಅಪ್ಪ ಅಮ್ಮನ ತೀರ್ಥಯಾತ್ರೆಗೆ ದುಡ್ಡು ಕೊಡಲು ಮಕ್ಕಳು ಹಿಂದೆಮುಂದೆ ನೋಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಇದು ಇರಲಿಲ್ಲ, ಸೇರಿಸಿಕೊಳ್ಳಿ.

ಇನ್ನು ನಿಮ್ಮ ನಿಜವಾದ ಸರಕಿನ ವಿಷಯ. ಜಾಗಗಳ ಪಟ್ಟಿ ಎಲ್ಲರ ಹತ್ತಿರವೂ ಇದೆ. ಇವತ್ತು ಅಲ್ಲಿ ಏನು ಪರಿಸ್ಥಿತಿ ಎಂಬುದು ಯಾರ ಹತ್ತಿರವೂ ಸರಿಯಾಗಿಲ್ಲ. ಹಿನ್ನೀರಿನ ಆಚೆ ಇರುವ ಸಿಗಂದೂರನ್ನೇ ನೋಡು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಸಾಲು ನಿಲ್ಲುವುದು, ಕೊನೆಯ ಲಾಂಚು ತಪ್ಪಿದರೆ ಪರದಾಡುವುದು, ಹಿನ್ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸದಿರುವುದು, ಇವೆಲ್ಲ ನಮ್ಮ ದಿನನಿತ್ಯದ ಗೋಳಾಗಿದ್ದವು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನ ಆಚೆಯ ತುಮರಿ ಕಡೆಯ ಜನರ ದಶಕಗಳ ಹೋರಾಟದ ಫಲ ಅದು. ಅಂದಿನಿಂದ ಪ್ರಯಾಣದ ಲೆಕ್ಕವೇ ಬದಲಾಯಿತು. ಆದರೆ ಲಾಂಚಿನ ವೇಳಾಪಟ್ಟಿ ಹೇಳುವ ಹಳೆಯ ವಿಡಿಯೊ ನೋಡಿಕೊಂಡು ಬರುವವರು ಈಗಲೂ ಇದ್ದಾರೆ. ಅದೇ ವರ್ಷದ ಆರಂಭದಲ್ಲಿ ಕಾಮಗಾರಿಗಾಗಿ ಜೋಗದ ಪ್ರವೇಶವನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಗೇಟಿನ ತನಕ ಬಂದು ಹಿಂತಿರುಗಿದ ಬಸ್ಸುಗಳನ್ನು ನಾನೇ ಕಂಡಿದ್ದೇನೆ.

ರಾಜ್ಯದ ಯಾವ ಮೂಲೆಗೆ ಹೋದರೂ ಇಂಥವು ಇದ್ದೇ ಇವೆ. ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, 2009ರಿಂದಲೂ ಇರುವ ನಿಯಮ. ಗುಂಡ್ಲುಪೇಟೆಯಲ್ಲಿ ಒಂಬತ್ತೂವರೆಗೆ ಮಕ್ಕಳನ್ನು ಕಟ್ಟಿಕೊಂಡು ನಿಂತವರಿಗೆ ಆಗ ತಿಳಿದು ಪ್ರಯೋಜನವೇನು? ಮೈಸೂರು ಬಿಡುವಾಗಲೇ ಫೋನ್ ಎಚ್ಚರಿಸಬೇಕು, "ಈಗಲೇ ಹೊರಟರೆ ದಾಟುತ್ತೀರಿ, ಇಲ್ಲವಾದರೆ ಇಲ್ಲೇ ಉಳಿಯಿರಿ" ಎಂದು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಯಾವ ಘಾಟಿಯಲ್ಲಿ ಇಳಿಯಬೇಕು ಎಂಬುದೂ ಹಾಗೆಯೇ.

ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತು ಕಂಪ್ಯೂಟರಿನಿಂದ ಹೆಕ್ಕಲಾಗದು. ಆ ರಸ್ತೆಯಲ್ಲಿ ದಿನವೂ ಓಡಾಡುವವರನ್ನು ಹಿಡಿಯಬೇಕು. ಹಾಲಿನ ವ್ಯಾನಿನ ಚಾಲಕ, ಮೊದಲ ಬಸ್ಸಿನ ಕಂಡಕ್ಟರ್, ಜೋಗದ ಬಳಿ ಚಹಾದಂಗಡಿ ಇಟ್ಟವನು, ದೇವಸ್ಥಾನದ ಎದುರು ಹಣ್ಣುಕಾಯಿ ಮಾರುವ ಅಕ್ಕ, ಇಂಥ ಐದಾರು ಜನ ಬೆಳಿಗ್ಗೆ ಒಂದೊಂದು ಧ್ವನಿಸಂದೇಶ ಕಳುಹಿಸಿದರೆ ಸಾಕು. "ಮಂಜಿದೆ, ನೀರು ಚೆನ್ನಾಗಿದೆ, ಪಾರ್ಕಿಂಗ್ ತುಂಬಿಲ್ಲ." ಇದಕ್ಕೆ ಅವರಿಗೆ ತಿಂಗಳು ತಿಂಗಳು ದುಡ್ಡು ಕೊಡಿ, ಪುಕ್ಕಟೆ ದುಡಿಸಿಕೊಳ್ಳಬೇಡಿ. ಪ್ರತಿ ಮಾಹಿತಿಯ ಪಕ್ಕ ಅದನ್ನು ಎಷ್ಟು ಗಂಟೆಗೆ ನೋಡಿದ್ದು ಎಂದು ಬರೆಯಿರಿ. ಸಂಜೆಗೆ ಹಳತಾಗುವ ಮಾಹಿತಿಯನ್ನು ಸಂಜೆಗೆ ತೆಗೆದುಬಿಡಿ. ಶುರುವಿಗೆ ಆ್ಯಪ್ ಕೂಡ ಬೇಡ, ಹೋಮ್‌ಸ್ಟೇಯವರಿಗೆ ಬೆಳಿಗ್ಗೆ ಏಳೂವರೆಗೆ ವಾಟ್ಸ್‌ಆ್ಯಪ್‌ನಲ್ಲಿ ತಲುಪಿಸಿ. ಒಂದು ದಿನ ತಪ್ಪಿದಾಗ ಯಾರು ಫೋನ್ ಮಾಡಿ "ಇವತ್ತು ಬಂದಿಲ್ಲವಲ್ಲ" ಎಂದು ಕೇಳುತ್ತಾರೋ ಅವರು ದುಡ್ಡು ಕೊಡುವ ಗಿರಾಕಿಗಳು.

ಬಸ್ಸಿನಲ್ಲಿ ಬರುವವರನ್ನು ಮರೆಯಬೇಡ. ನಿಮ್ಮ ಹಾಳೆಗಳಲ್ಲಿ ಎಲ್ಲರ ಹತ್ತಿರವೂ ಕಾರು ಇದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಅವರು ಗುಂಪುಗುಂಪಾಗಿ ಸರ್ಕಾರಿ ಬಸ್ಸಿನಲ್ಲಿ ದೇವಸ್ಥಾನಗಳಿಗೆ ಹೊರಟರು. ಮನೆ ಬಿಟ್ಟು ಕದಲದಿದ್ದ ಹೆಂಗಸರು ಧರ್ಮಸ್ಥಳ, ಕುಕ್ಕೆ, ಸಿಗಂದೂರು ಎಂದು ತಾವೇ ಹೊರಡುವುದನ್ನು ನೋಡಿ ನನಗೆ ತುಂಬಾ ಸಂತೋಷವಾಗಿದೆ. ಅವರ ಚಿಂತೆ ಒಂದೇ, ವಾಪಸ್ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ, ಅದು ತಪ್ಪಿದರೆ ರಾತ್ರಿ ನಂಬಿ ಉಳಿಯುವ ಜಾಗ ಎಲ್ಲಿ. ಇದನ್ನು ಕನ್ನಡದಲ್ಲಿ, ಓದು ಬಾರದವರಿಗೂ ತಿಳಿಯುವಂತೆ ಧ್ವನಿಯಲ್ಲಿ ಹೇಳುವ ಸೇವೆಗೆ ಬೇಡಿಕೆ ಖಂಡಿತ ಇದೆ. ಅವರಿಂದ ದುಡ್ಡು ಹುಟ್ಟುವುದಿಲ್ಲ, ಯಾತ್ರಿ ನಿವಾಸ, ಖಾನಾವಳಿಗಳಿಂದ ಹುಟ್ಟಬೇಕು. ಅದು ನಿಧಾನದ ಕೆಲಸ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ, ಕೈಬಿಡಬೇಡಿ.

ತಂತ್ರಜ್ಞಾನದ ಬಗ್ಗೆ ನಿಮಗೆ ನಾನು ಹೇಳಬೇಕಾದದ್ದು ಕಡಿಮೆ. ಆದರೂ ನಮ್ಮ ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂಬುದನ್ನು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರಿನದೇ ಒಂದು ಸಣ್ಣ ತಂಡ ಮಾಡಿದ 'ವೇರ್ ಈಸ್ ಮೈ ಟ್ರೈನ್' ಜನರಿಗೆ ಯಾಕೆ ಹಿಡಿಸಿತು? ಇಂಟರ್ನೆಟ್, ಜಿಪಿಎಸ್ ಇಲ್ಲದಿದ್ದರೂ ಮೊಬೈಲ್ ಟವರಿನ ಗುರುತು ಹಿಡಿದು ರೈಲು ಎಲ್ಲಿದೆ ಎಂದು ಅದು ಹೇಳುತ್ತಿತ್ತು. ನಮ್ಮ ದೇಶದ ರೈಲಿನಲ್ಲಿ ಕೂತವರ ಕಷ್ಟ ಗೊತ್ತಿದ್ದವರು ಮಾಡಿದ್ದದು. 2018ರಲ್ಲಿ ಅದನ್ನು ಗೂಗಲ್ ಕೊಂಡುಕೊಂಡಿತು. ನಿಮ್ಮ ಸೇವೆಯೂ ಸಾಗರದ ಪೇಟೆಯಲ್ಲಿ ಎಲ್ಲವನ್ನೂ ಇಳಿಸಿಕೊಂಡು, ಆಮೇಲೆ ಸಿಗ್ನಲ್ ಇಲ್ಲದೆಯೂ ನಡೆಯುವಂತಿರಬೇಕು.

ಹಳೇಬೀಡಿನಲ್ಲಿ ಪ್ರತಿ ಶಿಲ್ಪದ ಮುಂದೆ ನಿಂತ ಕೂಡಲೇ ಕಥೆ ತಾನಾಗಿ ಶುರುವಾಗುತ್ತದೆ ಎಂದು ಬರೆದಿದ್ದೀರಿ. ಆಗದು. ಇಂಥ ಜಾಗಕ್ಕೆ ಬಂದರೆ ಎಚ್ಚರಿಸು ಎಂದು ಫೋನಿಗೆ ಹಾಕುವ ವೃತ್ತಕ್ಕೆ ಕನಿಷ್ಠ 100–150 ಮೀಟರ್ ತ್ರಿಜ್ಯ ಇರಲಿ ಎಂದು ಆಂಡ್ರಾಯ್ಡ್‌ನವರೇ ಹೇಳುತ್ತಾರೆ. ಅಷ್ಟರೊಳಗೆ ಹೊಯ್ಸಳೇಶ್ವರ ದೇವಸ್ಥಾನವೇ ಇಡಿಯಾಗಿ ಅಡಗಿಬಿಡುತ್ತದೆ. ಅಲ್ಲಿ ಜಗತಿಯ ಮೇಲೆ ಪ್ರದಕ್ಷಿಣೆ ಬರುವ ಕ್ರಮ ಇದೆಯಲ್ಲ, ಕಥೆಯನ್ನು ಅದಕ್ಕೇ ಹೊಂದಿಸಿ. "ಕೆಳಗಿನ ಸಾಲು ನೋಡಿ, ಆನೆಗಳು. ಅದರ ಮೇಲೆ ಸಿಂಹ, ಇನ್ನೂ ಮೇಲೆ ಕುದುರೆಗಳು. ಕಣ್ಣೆತ್ತರಕ್ಕೆ ಬನ್ನಿ, ರಾಮಾಯಣ ಮಹಾಭಾರತ ಶುರುವಾಗುತ್ತದೆ. ಈಗ ನಾಲ್ಕು ಹೆಜ್ಜೆ ಎಡಕ್ಕೆ" ಎಂದು ಧ್ವನಿ ಹೇಳುತ್ತ ಹೋದರೆ ಉಪಗ್ರಹದ ಹಂಗೇ ಇಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅಲ್ಲಿಗೆ ಬರುವ ನಮ್ಮ ಶಾಲಾ ಮಕ್ಕಳಿಗೆ ಒಳ್ಳೆಯ ಕನ್ನಡದಲ್ಲಿ ಹೀಗೆ ಹೇಳಿದರೆ ಎಷ್ಟು ಚೆನ್ನ. ಅಲ್ಲಿನ ಗೈಡುಗಳಿಂದಲೇ ಹೇಳಿಸಿ, ಪ್ರತಿ ಮಾರಾಟದಲ್ಲಿ ಅವರಿಗೂ ಪಾಲು ಕೊಡಿ. ಅವರ ಅನ್ನ ಕಿತ್ತುಕೊಂಡು ಮಾಡುವ ಆ್ಯಪ್ ಬೇಡ.

ಕಮಿಷನ್ ವಿಷಯದಲ್ಲಿ ಗಟ್ಟಿಯಾಗಿರಿ. ಪ್ರವಾಸಿ ಊರುಗಳಲ್ಲಿ ಹೋಟೆಲು, ಮಸಾಲೆ ಅಂಗಡಿ, ಕರಕುಶಲ ಅಂಗಡಿಯವರು ಗಿರಾಕಿಯನ್ನು ಕರೆತಂದವರಿಗೆ ಒಂದಿಷ್ಟು ಕೊಡುವ ರೂಢಿ ಇದೆ. ನಿಮ್ಮ ಹತ್ತಿರವೂ ಬರುತ್ತಾರೆ, ನಮ್ಮ ಹೆಸರು ಮೊದಲು ತೋರಿಸಿ ಎನ್ನುತ್ತಾರೆ. ಒಪ್ಪಿದ ದಿನದಿಂದ ನಿಮ್ಮ ಶಿಫಾರಸು ಪ್ರವಾಸಿಗರಿಗೆ ತಕ್ಕದ್ದಾಗಿ ಉಳಿಯುವುದಿಲ್ಲ. ಬೆಂಗಳೂರಿನ 'ನಮ್ಮ ಯಾತ್ರಿ' ಆ್ಯಪ್ ಆಟೊ ಚಾಲಕರಿಂದ ಪ್ರತಿ ಬಾಡಿಗೆಗೆ ಕಮಿಷನ್ ಕೀಳದೆ, ದಿನಕ್ಕೆ ಇಷ್ಟು ಎಂಬ ಸಣ್ಣ ಶುಲ್ಕದ ಪದ್ಧತಿ ತಂದಿತು. ನೀವೂ ಹೋಮ್‌ಸ್ಟೇ, ಟ್ಯಾಕ್ಸಿಯವರಿಂದ ತಿಂಗಳ ಶುಲ್ಕ ಮಾತ್ರ ಪಡೆಯಿರಿ. ಮತ್ತೊಂದು, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವವರು ಎಷ್ಟೇ ಪರಿಚಯದವರಾದರೂ ಸೇರಿಸಿಕೊಳ್ಳಬೇಡಿ. ಅಪಘಾತವಾದರೆ ವಿಮೆ ಕೈಕೊಡುತ್ತದೆ, ಪ್ರಯಾಣಿಕರ ಮನೆಯವರಿಗೆ ಉತ್ತರ ಹೇಳಬೇಕಾದವರು ನೀವಾಗುತ್ತೀರಿ.

ಜನ ಎಲ್ಲೆಲ್ಲಿ ಓಡಾಡಿದರು ಎಂಬ ಲೆಕ್ಕವನ್ನು ಇಟ್ಟುಕೊಂಡು ಮುಂದೆ ಜಾಹೀರಾತಿನವರಿಗೆ ಕೊಡಬಹುದು ಎಂದು ಕೊನೆಯ ಪುಟದಲ್ಲಿ ಒಂದು ಸಾಲಿದೆ. ಅದನ್ನು ಹೊಡೆದು ಹಾಕು. ಒಂಟಿಯಾಗಿ ಪ್ರವಾಸ ಬಂದ ಹುಡುಗಿ ಯಾವ ಊರಿನಲ್ಲಿ, ಯಾವ ಮನೆಯಲ್ಲಿ ರಾತ್ರಿ ಉಳಿದಿದ್ದಾಳೆ ಎಂಬುದು ಯಾರ ಕೈಗೆ ಸಿಕ್ಕರೆ ಏನಾದೀತು, ನೀನೇ ಯೋಚಿಸು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಯಾವ ಉದ್ದೇಶಕ್ಕೆಂದು ಒಪ್ಪಿಗೆ ಪಡೆದಿರೋ ಅದಕ್ಕಷ್ಟೇ ಮಾಹಿತಿ ಬಳಸಬೇಕು. 18 ವರ್ಷದೊಳಗಿನವರಾದರೆ ಹೆತ್ತವರ ಒಪ್ಪಿಗೆ ಬೇಕು. ಸುರಕ್ಷತೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಕಾಯ್ದೆ ಇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಪ್ರವಾಸ ಮುಗಿದ ದಿನ ಅವರ ಓಡಾಟದ ಗುರುತು ನಿಮ್ಮ ಕಂಪ್ಯೂಟರಿನಿಂದ ಅಳಿದುಹೋಗಲಿ.

ಎಲ್ಲ ಜಾಗವನ್ನೂ ನಕ್ಷೆಗೆ ಹಾಕುವ ಆಸೆ ಬೇಡ. 'ಯಾರಿಗೂ ಗೊತ್ತಿಲ್ಲದ ಜಲಪಾತಗಳು' ಎಂಬ ನಿಮ್ಮ ವಿಭಾಗ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಅವು ಗೊತ್ತಿಲ್ಲದವಲ್ಲ, ಯಾರದೋ ತೋಟದ ಮೇಲಿನ ಹಳ್ಳ, ಯಾರದೋ ಊರಿನ ಕುಡಿಯುವ ನೀರು. ಈಜು ಬಾರದ ಹುಡುಗರು ಮಳೆಗಾಲದಲ್ಲಿ ಪಾಚಿ ಬಂಡೆಯ ಮೇಲೆ ಫೋಟೊಗೆ ನಿಲ್ಲುತ್ತಾರೆ. ಮೇಲೆ ಎಲ್ಲೋ ಮಳೆ ಸುರಿದು ನೀರು ಒಮ್ಮೆಲೇ ಏರುತ್ತದೆ. ಆಮೇಲೆ ಹುಡುಕುವುದು ಅದೇ ಊರಿನ ಜನ. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. ನೀವೂ ಅಂಥ ಮಿತಿ ಇಟ್ಟುಕೊಳ್ಳಿ. ಊರಿನವರು ಒಪ್ಪಿದ ಜಾಗ ಮಾತ್ರ ತೋರಿಸಿ, ಜನ ಹೆಚ್ಚಾದ ದಿನ ಅದನ್ನು ಮರೆಮಾಡಿ, ಮಳೆಗಾಲಕ್ಕೆ ಹಳ್ಳಗಳನ್ನು ಪೂರ್ತಿ ತೆಗೆಯಿರಿ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ನೂರು ಹೋಮ್‌ಸ್ಟೇ, ಟ್ಯಾಕ್ಸಿಯವರು ತಿಂಗಳಿಗೆ 500 ರೂಪಾಯಿಯಂತೆ ಕೊಟ್ಟರೂ ಬರುವುದು 50,000. ಮಾಹಿತಿ ಕೊಡುವವರಿಗೆ ಕೊಟ್ಟು ಉಳಿದದ್ದರಲ್ಲಿ ಮೂರು ಸಂಬಳ ಏಳುವುದಿಲ್ಲ. ಮಕ್ಕಳ ಪರೀಕ್ಷೆಯ ತಿಂಗಳುಗಳಲ್ಲಿ ಹೋಮ್‌ಸ್ಟೇಗಳೇ ಖಾಲಿ ಇರುತ್ತವೆ, ಆಗ ಶುಲ್ಕ ಕೇಳಲು ಬಾಯಿ ಬರುವುದಿಲ್ಲ. ಆದ್ದರಿಂದ ಮೂವರೂ ಒಟ್ಟಿಗೆ ರಾಜೀನಾಮೆ ಕೊಡುವುದು ಬೇಡ. ಒಬ್ಬರು ಬಂದು ಸಾಗರದಲ್ಲಿ ಉಳಿಯಲಿ, ಇಬ್ಬರು ಕೆಲಸದಲ್ಲಿದ್ದುಕೊಂಡು ಸಂಜೆಯ ಹೊತ್ತು ಮಾಡಲಿ. ಒಂದು ಪೂರ್ತಿ ವರ್ಷ, ಅಂದರೆ ಮಳೆ, ಚಳಿ, ಬೇಸಿಗೆ ರಜೆ ಎಲ್ಲ ಕಳೆದ ಮೇಲೂ ಹೋಮ್‌ಸ್ಟೇಯವರು ಶುಲ್ಕ ಕಟ್ಟುತ್ತಿದ್ದರೆ ಇದೇ ವಿಧಾನವನ್ನು ಶಿರಸಿ–ಸಿದ್ದಾಪುರಕ್ಕೆ, ತೀರ್ಥಹಳ್ಳಿ–ಹೊಸನಗರಕ್ಕೆ ಒಯ್ಯಿರಿ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಇದೆ. ಅರ್ಜಿ ಹಾಕುವ ಹೊತ್ತಿಗೆ ಕೈಯಲ್ಲಿ ಶುಲ್ಕ ಕಟ್ಟಿದ ಗಿರಾಕಿಗಳ ಪಟ್ಟಿ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ರೆಡ್‌ಬಸ್ ಕಟ್ಟಿದ ಫಣೀಂದ್ರ ಸಾಮ ದೀಪಾವಳಿಗೆ ಹೈದರಾಬಾದಿಗೆ ಹೋಗಲು ಟಿಕೆಟ್ ಸಿಗದೆ ಆ ಯೋಚನೆ ಹಿಡಿದವರು. 2006ರಲ್ಲಿ ಶುರು ಮಾಡುವಾಗ ಅವರೂ ಬಸ್ ಮಾಲೀಕರು, ಏಜೆಂಟರ ಅಂಗಡಿಗಳಿಗೆ ಅಲೆದು ಸೀಟಿನ ವ್ಯವಹಾರ ಕಲಿತರು. ನೀವೂ ಮೊದಲ ಮೂರು ತಿಂಗಳು ಕೋಡ್ ಬರೆಯುವುದಕ್ಕಿಂತ ಹೆಚ್ಚು ಅಲೆಯಿರಿ.

ಮೂವರ ಪಾಲು ಎಷ್ಟೆಷ್ಟು, ಯಾರಾದರೂ ಮಧ್ಯದಲ್ಲಿ ಬಿಟ್ಟರೆ ಏನು, ಇದನ್ನು ಈಗಲೇ, ಸ್ನೇಹ ಚೆನ್ನಾಗಿರುವಾಗಲೇ ಕಾಗದದಲ್ಲಿ ಬರೆದು ಸಹಿ ಹಾಕಿ. ಊರಿನಲ್ಲಿ ಉಳಿಯುವವರಿಗೆ ಪಾಲು ಹೆಚ್ಚಿರಲಿ. ಮೇ ಕೊನೆಯೊಳಗೆ ಬಂದರೆ ಅನುಕೂಲ, ಜೂನ್ ಹಿಡಿದ ಮೇಲೆ ಒಳಹಳ್ಳಿಯ ರಸ್ತೆಗಳಲ್ಲಿ ಬೈಕ್ ಕಷ್ಟ. ಮಹಡಿಯ ಕೋಣೆ ಖಾಲಿ ಇದೆ, ನಿನ್ನ ಅತ್ತೆ ಆಗಲೇ ಹಾಸಿಗೆ ಬಿಸಿಲಿಗೆ ಹಾಕುತ್ತೇನೆ ಎನ್ನುತ್ತಿದ್ದಾಳೆ. ಮೊದಲ ಹತ್ತು ಹೋಮ್‌ಸ್ಟೇಗಳಿಗೆ ನಾನೇ ಜತೆಗೆ ಬಂದು ಪರಿಚಯ ಮಾಡಿಸುತ್ತೇನೆ. ಅಲ್ಲಿ ಶುಲ್ಕದ ಮಾತನ್ನು ಮಾತ್ರ ನೀವೇ ಆಡಬೇಕು. ನಾನು ಆಡಿದರೆ ಅವರು ನನ್ನ ಮುಖ ನೋಡಿ ಒಪ್ಪುತ್ತಾರೆ, ನಿಮ್ಮ ಕೆಲಸ ಅವರಿಗೆ ಬೇಕೋ ಬೇಡವೋ ಎಂಬುದು ಆಗ ತಿಳಿಯುವುದಿಲ್ಲ.